ಹಂಪ್ ಮೇಲಿನ ಬಿಳಿ ಪಟ್ಟೆಗಳು

ಸರ್ವೆ ಮಾಡಬೇಕಾದ ರಸ್ತೆಗಳ ನಕ್ಷೆಯನ್ನು ಮೇಜಿನ ಮೇಲೆ ಹರಡುವಾಗ ನಮ್ಮ ಮ್ಯಾನೇಜರ್ ಅದರ ಒಂದು ಮೂಲೆಯ ಮೇಲೆ ಕಾಫಿ ಲೋಟ ಇಟ್ಟರು. ಬೇಕೆಂದೇ ಇಟ್ಟರು. ಲೋಟದ ಕೆಳಗಿದ್ದದ್ದು ಮಲ್ಲತ್ತಹಳ್ಳಿ ಕೆರೆಯ ಬದಿಯಿಂದ ಹಾದು ಹೋಗುವ ರಸ್ತೆ. ಕೆಲವು ತಿಂಗಳ ಹಿಂದೆ ಒಂದು ಸಂಜೆ ನನ್ನ ಗಂಡ ಸ್ಕೂಟರಿನಿಂದ ಬಿದ್ದದ್ದು ಆ ರಸ್ತೆಯ ಒಂದು ಹಂಪ್ ಮೇಲೆ. ಆಸ್ಪತ್ರೆಗೆ ನಾನು ತಲುಪುವಷ್ಟರಲ್ಲಿ ಅವರಿಗೆ ಮಾತಿರಲಿಲ್ಲ. ರಾತ್ರಿ ಕಳೆಯುವಷ್ಟರಲ್ಲಿ ಜೀವವೂ ಇರಲಿಲ್ಲ.

“ಈ ಭಾಗ ಬೇರೆ ಟೀಮಿಗೆ ಕೊಡ್ತೀನಿ ಬಿಡಿ,” ಎಂದರು ಮ್ಯಾನೇಜರ್.

“ಬೇಡ ಸಾರ್. ನಾವೇ ಮಾಡ್ತೀವಿ.”

ಅವರು ಅದನ್ನು ಧೈರ್ಯ ಎಂದುಕೊಂಡರು. ಆಮೇಲೆ ಆಫೀಸಿನಲ್ಲಿ ನಾಲ್ಕು ಜನರ ಮುಂದೆ ಹೊಗಳಿದರು ಕೂಡ. ಧೈರ್ಯವೂ ಇಲ್ಲ, ಮಣ್ಣೂ ಇಲ್ಲ. ಒಂದೇ ಭಂಗಿಯಲ್ಲಿ ಕೂತು ಕಾಲು ಜೋಮು ಹಿಡಿದಾಗ ಯಾರಾದರೂ ತುಳಿದರೂ ಗೊತ್ತಾಗುವುದಿಲ್ಲವಲ್ಲ, ನಾನು ಪೂರ್ತಿ ಹಾಗಿದ್ದೆ. ಮನೆಗೆ ಬಂದ ನೆಂಟರೆಲ್ಲ “ಅತ್ತುಬಿಡು, ಹಗುರ ಆಗುತ್ತೆ” ಎಂದು ಹೇಳಿ, ನಾನು ಅಳದಿದ್ದಾಗ ಅಡುಗೆಮನೆಯಲ್ಲಿ ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡು ಹೋಗಿದ್ದರು. ಅಳು ಬರಲಿಲ್ಲ, ನಾನೇನು ಮಾಡಲಿ? ಹಸಿವೂ ಬರುತ್ತಿರಲಿಲ್ಲ, ನಿದ್ದೆಯೂ ಬರುತ್ತಿರಲಿಲ್ಲ, ಸಿಟ್ಟು ಮಾತ್ರ ಆಗಾಗ ಬಂದು ಹೋಗುತ್ತಿತ್ತು. ಹಾಗಿರುವಾಗ ಯಾವ ರಸ್ತೆಯಾದರೇನು?

ನಮ್ಮ ಕೆಲಸವನ್ನು ಸರಳವಾಗಿ ಹೇಳುವುದಾದರೆ, ಟೇಪು ಹಿಡಿಯದೆ ರಸ್ತೆಯನ್ನು ಅಳೆಯುವುದು. ಗಾಡಿಯ ನೆತ್ತಿಯ ಮೇಲೆ ಒಂದು ಕಬ್ಬಿಣದ ಚೌಕಟ್ಟು. ಅದರಲ್ಲಿ ಗಿರಗಿರನೆ ತಿರುಗುವ ಲೇಸರ್ ಸ್ಕ್ಯಾನರ್, ಸುತ್ತ ಕ್ಯಾಮೆರಾಗಳು, ಮೇಲೆ ಉಪಗ್ರಹಗಳ ಸಂಕೇತ ಹಿಡಿಯುವ ಆಂಟೆನಾ. ಗಾಡಿ ರಸ್ತೆಯಲ್ಲಿ ಹೋಗುತ್ತಿದ್ದಂತೆ ಲೇಸರ್ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಹೊರಟು, ತಾಗಿದ ಕಡೆಯಿಂದ ವಾಪಸು ಬರುತ್ತದೆ. ತಾಗಿದ ಪ್ರತಿ ಜಾಗವೂ ಒಂದು ಬಿಂದು. ಕಾಂಪೌಂಡು, ಕಂಬ, ವೈರು, ಹೊಂಗೆ ಎಲೆ, ಹಾಲಿನ ಬೂತು, ಎಲ್ಲವೂ ಕೊನೆಗೆ ಬಿಂದುಗಳ ರಾಶಿ. ಗಾಡಿ ಆ ಕ್ಷಣ ಎಲ್ಲಿತ್ತು ಎಂಬುದನ್ನು ಉಪಗ್ರಹ ಒಂದು ರೀತಿ ಹೇಳುತ್ತದೆ, ಗಾಡಿಯ ಓಲಾಟವನ್ನು ಹಿಡಿಯುವ ಸಾಧನ ಇನ್ನೊಂದು ರೀತಿ ಹೇಳುತ್ತದೆ, ಚಕ್ರಕ್ಕೆ ಕಟ್ಟಿದ ಎಣಿಕೆಯ ಯಂತ್ರ ಮತ್ತೊಂದು. ಮೂರೂ ಒಂದೇ ಮಾತು ಹೇಳಿದರೆ ಕೆಲಸ ಸಲೀಸು. ಸಾಮಾನ್ಯವಾಗಿ ಹೇಳುವುದಿಲ್ಲ, ಮದುವೆ ಮನೆಯ ಹಿರಿಯರ ಹಾಗೆ. ಅವರನ್ನು ಒಂದು ಮಾತಿಗೆ ತರುವುದೇ ನನ್ನ ಕೆಲಸ.

ಮೊದಲ ವಾರ ಕೆಂಗೇರಿಯಿಂದ ಈಚೆಗೆ ಬರುವ ರಸ್ತೆಗಳಲ್ಲಿ ಕಳೆಯಿತು. ಮೆಟ್ರೋ ಸೇತುವೆಯ ಕೆಳಗೆ ಹೋದ ಕೂಡಲೇ ಆಂಟೆನಾಗೆ ಆಕಾಶ ಕಾಣುವುದಿಲ್ಲ; ಹೋಗುವಾಗ ಸ್ಕ್ಯಾನ್ ಮಾಡಿದ ಕಂಬ ಒಂದು ಕಡೆ, ಬರುವಾಗ ಸ್ಕ್ಯಾನ್ ಮಾಡಿದ ಅದೇ ಕಂಬ ಅರ್ಧ ಗೇಣು ಆಚೆ ಕಾಣುತ್ತದೆ. ಅದನ್ನು ಸರಿಮಾಡಲೆಂದೇ ನಾವು ಮೊದಲೇ ರಸ್ತೆಯ ಅಂಚಿನಲ್ಲಿ ಹಿತ್ತಾಳೆ ಮೊಳೆ ಹೊಡೆದು, ಸುತ್ತ ಕಪ್ಪು ಬಿಳುಪು ಚೌಕ ಬಳಿದು, ಆ ಮೊಳೆ ಇರುವ ಜಾಗವನ್ನು ನಿಖರವಾಗಿ ಅಳೆದಿಟ್ಟುಕೊಂಡಿರುತ್ತೇವೆ. ನಮ್ಮ ಊರಿನಲ್ಲಿ ರಸ್ತೆಗೆ ಡಾಂಬರು ಬೇಕೆಂದಾಗ ಬೀಳುವುದಿಲ್ಲ, ನಾವು ಮೊಳೆ ಹೊಡೆದ ಮಾರನೇ ದಿನ ಬೀಳುತ್ತದೆ. ಅಂಥ ಎಷ್ಟೋ ಮೊಳೆಗಳು ಡಾಂಬರಿನಡಿ ಹೋದವು. ಮತ್ತೆ ಹೊಡೆದೆವು. ನನಗೆ ಬೇಜಾರಾಗಲಿಲ್ಲ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು ಆಗ ನನಗೆ ಹಿತವಾಗಿತ್ತು, ಯೋಚಿಸಬೇಕಾಗಿರಲಿಲ್ಲ.

ಗಾಡಿಯಲ್ಲಿ ನಾವಿಬ್ಬರೇ. ಓಡಿಸುತ್ತಿದ್ದವರು ನಮ್ಮ ಕಂಪನಿಯ ಹಳೆಯ ಡ್ರೈವರ್. ಅವರ ಕೈಯಲ್ಲಿ ಗಾಡಿ ಒಂದೇ ವೇಗದಲ್ಲಿ ಹೋಗುತ್ತದೆ, ಆಟೋದವರು ಅಡ್ಡ ಬಂದರೂ ಬಾಯಿ ಮಾತ್ರ ಜೋರು, ಬ್ರೇಕು ಮೆತ್ತಗೆ. ಬೆಳಿಗ್ಗೆ ಕೆಲಸ ಶುರು ಮಾಡುವ ಮುಂಚೆ ಜ್ಞಾನಭಾರತಿಯ ಕಡೆ ಬಯಲಾದ ಜಾಗದಲ್ಲಿ ಗಾಡಿಯನ್ನು ಸ್ವಲ್ಪ ಹೊತ್ತು ಅಲುಗಾಡದೆ ನಿಲ್ಲಿಸಿ, ಆಮೇಲೆ ಇಂಗ್ಲಿಷಿನ ಎಂಟರ ಆಕಾರದಲ್ಲಿ ಸುತ್ತಿಸಬೇಕು. ಆಗಷ್ಟೇ ಸಾಧನಗಳು ದಿಕ್ಕು ಹಿಡಿಯುತ್ತವೆ. ವಾಕಿಂಗ್ ಬಂದವರು ನಿಂತು ನೋಡುತ್ತಿದ್ದರು. “ಡ್ರೈವಿಂಗ್ ಕಲೀತಾ ಇದೀರಾ?” ಎಂದು ಒಬ್ಬರು ಕೇಳಿದ್ದಕ್ಕೆ ಡ್ರೈವರ್ “ಹೂಂ ಸಾರ್, ಇವತ್ತು ಫಸ್ಟ್ ಡೇ” ಎಂದು ಹಲ್ಲು ಕಿರಿದರು. ನಕ್ಕರೆ ಚೆನ್ನಾಗಿತ್ತು ಎಂದು ನನಗೆ ತಿಳಿಯಿತು, ನಗು ಮಾತ್ರ ಬರಲಿಲ್ಲ.

ಮಲ್ಲತ್ತಹಳ್ಳಿಯ ಸರದಿ ಬಂದ ದಿನ ಡ್ರೈವರ್ ಗಾಡಿಗೆ ಪೂಜೆ ಮಾಡಿಕೊಂಡು ಬಂದಿದ್ದರು. ಹಬ್ಬವೂ ಅಲ್ಲ, ಅಮಾವಾಸ್ಯೆಯೂ ಅಲ್ಲ. ಚಕ್ರಗಳಿಗೆ ನಿಂಬೆಹಣ್ಣು, ಬಾನೆಟ್ಟಿಗೆ ಹೂವು, ಸ್ಟೇರಿಂಗಿಗೆ ಕುಂಕುಮ. ಅವತ್ತು ಭಾನುವಾರ, ವಾಹನ ಕಡಿಮೆ ಇರಲಿ ಎಂದು ಬೆಳಿಗ್ಗೆಯೇ ಹೊರಟೆವು. ಆ ರಸ್ತೆಯ ಹಂಪ್ ಬರುವ ಎಷ್ಟೋ ಮೊದಲೇ ಅವರು ನಿಧಾನ ಮಾಡಿ, ಕನ್ನಡಿಯಲ್ಲಿ ನನ್ನ ಮುಖ ನೋಡಿದರು.

“ಹೋಗ್ಲಾ ಮೇಡಂ?”

“ಹೋಗಿ.”

ನಾನು ಕಿಟಕಿಯ ಆಚೆ ನೋಡಲಿಲ್ಲ, ಮಡಿಲಲ್ಲಿದ್ದ ಲ್ಯಾಪ್‌ಟಾಪ್ ನೋಡುತ್ತಿದ್ದೆ. ಮುಂದಿನ ಚಕ್ರ ಹತ್ತಿತು, ಇಳಿಯಿತು. ಹಿಂದಿನದು ಹತ್ತಿತು, ಇಳಿಯಿತು. ಗಾಡಿಯ ಓಲಾಟ ತೋರಿಸುವ ಗೆರೆ ಪರದೆಯ ಮೇಲೆ ಒಮ್ಮೆ ಎದ್ದು ಬಿತ್ತು. ಅಷ್ಟೇ. ಏನಾದರೂ ಆಗುತ್ತದೆ ಎಂದು ಡ್ರೈವರ್ ಕಾದಿದ್ದರು. ಏನೂ ಆಗಲಿಲ್ಲ.

ತಿಂಡಿಗೆ ನಿಲ್ಲಿಸಿದಾಗ ಡೇಟಾ ತೆರೆದು ನೋಡಿದೆ. ಎಡಗಡೆ ಉದ್ದಕ್ಕೂ ಒಂದು ಕಪ್ಪು ಪಟ್ಟೆ. ಅಷ್ಟು ಅಗಲಕ್ಕೆ ಮನೆಗಳೂ ಇಲ್ಲ, ಫುಟ್‌ಪಾತೂ ಇಲ್ಲ, ಯಾರೋ ಕತ್ತರಿಯಲ್ಲಿ ಕತ್ತರಿಸಿದಂತೆ. ಗಾಡಿಯ ಮೇಲೆ ಹತ್ತಿ ನೋಡಿದರೆ ಸ್ಕ್ಯಾನರಿನ ಗಾಜಿನ ಮೇಲೆ ಗಂಧ, ಅದರ ನಡುವೆ ಕುಂಕುಮದ ಬೊಟ್ಟು.

“ಸ್ಕ್ಯಾನರ್ ಮುಟ್ಬೇಡಿ ಅಂತ ಎಷ್ಟು ಸಲ ಹೇಳಿದೀನಿ?”

“ಗಾಡಿಗೆ ಕಣ್ಣು ಇರೋದೇ ಅಲ್ಲಿ ಮೇಡಂ. ಎಲ್ಲಾದಕ್ಕೂ ಇಟ್ಟು ಕಣ್ಣಿಗೇ ಇಡದೆ ಹೆಂಗೆ ಬಿಡ್ಲಿ?” ಎಂದರು. ಅವರ ದನಿಯಲ್ಲಿ ತಪ್ಪು ಮಾಡಿದೆನೆಂಬ ಅಳುಕು ಒಂದಿಷ್ಟೂ ಇರಲಿಲ್ಲ.

ಗಾಜು ಒರೆಸಿ, ಮಧ್ಯಾಹ್ನದ ಮೇಲೆ ಇಡೀ ರಸ್ತೆಯನ್ನು ಇನ್ನೊಮ್ಮೆ ಸ್ಕ್ಯಾನ್ ಮಾಡಿದೆವು. ಹೀಗಾಗಿ ಆ ಒಂದು ರಸ್ತೆಗೆ ಮಾತ್ರ ನಮ್ಮ ಹತ್ತಿರ ಬೆಳಗಿನದೊಂದು, ಮಧ್ಯಾಹ್ನದ್ದೊಂದು, ಎರಡು ಸ್ಕ್ಯಾನ್‌ಗಳು ಉಳಿದವು.

ನಮಗೆ ಕೆಲಸ ಕೊಟ್ಟ ಪಾಲಿಕೆ ಕಚೇರಿಗೆ ಬೇಕಾಗಿದ್ದ ವಿವರಗಳಲ್ಲಿ ಹಂಪ್‌ಗಳದ್ದೂ ಒಂದು. ಪ್ರತಿ ಹಂಪ್ ಎಲ್ಲಿದೆ, ಎಷ್ಟು ಎತ್ತರ, ಎಷ್ಟು ಅಗಲ, ಬಿಳಿ ಪಟ್ಟೆ ಬಳಿದಿದೆಯೋ ಇಲ್ಲವೋ. ಪಟ್ಟೆ ಇದ್ದರೆ ಹಂಪ್ ಹಾಗೇ ಉಳಿಯುತ್ತದೆ. ಅನುಮತಿಯೂ ಇಲ್ಲ, ಪಟ್ಟೆಯೂ ಇಲ್ಲ ಎಂದರೆ ಮೊದಲ ಕಂತಿನಲ್ಲೇ ಕೆರೆದು ತೆಗೆಯುತ್ತಾರೆ. ಪಟ್ಟೆ ಇದೆಯೇ ಎಂಬುದನ್ನು ಸಾಫ್ಟ್‌ವೇರ್ ತಾನೇ ಹೇಳುತ್ತದೆ. ಡಾಂಬರು ಲೇಸರನ್ನು ನುಂಗಿಕೊಳ್ಳುತ್ತದೆ, ಬಿಳಿ ಬಣ್ಣ ವಾಪಸು ಎಸೆಯುತ್ತದೆ. ವಾಪಸು ಬಂದ ಬೆಳಕಿನ ಬಲ ನೋಡಿ ಇದು ರಸ್ತೆ, ಇದು ಪೇಂಟು ಎಂದು ಬೇರೆ ಮಾಡುತ್ತದೆ.

ಮುಂದಿನ ವಾರ ಆ ರಸ್ತೆಯ ಫಲಿತಾಂಶ ನೋಡುತ್ತಿದ್ದೆ. ಒಂದು ಹಂಪ್‌ಗೆ ಕೆಂಪು ಗುರುತು ಬಿದ್ದಿತ್ತು. ಬೆಳಗಿನ ಸ್ಕ್ಯಾನು ಪಟ್ಟೆ ಇದೆ ಎನ್ನುತ್ತಿತ್ತು, ಮಧ್ಯಾಹ್ನದ್ದು ಇಲ್ಲ ಎನ್ನುತ್ತಿತ್ತು. ಅದು ಅದೇ ಹಂಪ್.

ಅಡ್ಡ ಕೊಯ್ದು ನೋಡಿದೆ. ಅಂದರೆ ಪರದೆಯ ಮೇಲೆ ಅದರ ನಡುವಿನಿಂದ ಒಂದು ಸೀಳು ತೆಗೆದೆ. ನಿಯಮದ ಹಂಪ್ ನಾಲ್ಕೈದು ಹೆಜ್ಜೆಯಷ್ಟು ಅಗಲವಾಗಿ, ಮೆಲ್ಲಗೆ ಏರಿ ಮೆಲ್ಲಗೆ ಇಳಿಯಬೇಕು. ಇದು ಹಾಗಿರಲಿಲ್ಲ. ಒಂದು ಬಾಂಡ್ಲಿ ಬೋರಲು ಹಾಕಿದಂತೆ ದಿಢೀರನೆ ಎದ್ದು ದಿಢೀರನೆ ಇಳಿದಿತ್ತು. ಇಷ್ಟೇನಾ, ಅನ್ನಿಸಿತು. ಮೌಸ್ ಹಿಡಿದು ಅದರ ಎತ್ತರ ಅಳೆದೆ, ಏರು ಅಳೆದೆ, ಉಳಿಸಿದೆ. ಒಬ್ಬ ಮನುಷ್ಯನ ಇಡೀ ಬದುಕು ಈ ಗೆರೆಯ ಈಚೆಯಿಂದ ಆಚೆಗೆ ಹೋಗುವುದರಲ್ಲಿ ಮುಗಿಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡರೂ ಏನೂ ಆಗಲಿಲ್ಲ.

ನನ್ನ ಗಂಡ ಕೆಂಗೇರಿಯ ಕಾಲೇಜೊಂದರಲ್ಲಿ ಗಣಿತ ಪಾಠ ಮಾಡುತ್ತಿದ್ದರು. ಮೈಸೂರು ರಸ್ತೆಯ ಗದ್ದಲ ಬೇಡವೆಂದು ಚಂದ್ರಾ ಲೇಔಟಿನ ನಮ್ಮ ಮನೆಗೆ ಈ ಒಳದಾರಿಯಲ್ಲೇ ವರ್ಷಗಟ್ಟಲೆ ಓಡಾಡಿದವರು. ಸೈಕಲ್ಲುಗಳೂ ಅವರ ಸ್ಕೂಟರನ್ನು ಹಿಂದೆ ಹಾಕುತ್ತಿದ್ದವು. ಆ ದಾರಿಯ ಗುಂಡಿಗಳನ್ನೆಲ್ಲ ಕ್ರಮವಾಗಿ ಹೇಳುತ್ತಿದ್ದರು. “ನಿನ್ನ ಮ್ಯಾಪಿಗಿಂತ ನನ್ನ ಸೊಂಟಕ್ಕೆ ಚೆನ್ನಾಗಿ ಗೊತ್ತು ಕಣೇ,” ಎಂದು ಕಿಚಾಯಿಸುತ್ತಿದ್ದರು. ಅಂಥವರು ಬಿದ್ದಾಗ ಠಾಣೆಯಲ್ಲಿ “ಸೆಲ್ಫ್ ಆಕ್ಸಿಡೆಂಟ್ ಮೇಡಂ” ಎಂದರು. ಯಾರೂ ಗುದ್ದಿಲ್ಲ, ತಾನೇ ಬಿದ್ದ, ಮುಗಿಯಿತು. “ಅಣ್ಣ ಏನೋ ಅವಸರದಲ್ಲಿ ಇದ್ದಿರ್ಬೇಕು ಅತ್ತಿಗೆ,” ಎಂದ ನನ್ನ ಮೈದುನ. ಫೋನಿನಲ್ಲಿ ಮಾತಾಡುತ್ತಿದ್ದರೇನೋ ಎಂದರು ಪಕ್ಕದ ಮನೆಯವರು. ಸತ್ತವರ ಮೇಲೆ ಗೂಬೆ ಕೂರಿಸುವುದು ಎಷ್ಟು ಸಲೀಸು. ನನಗೆ ಉತ್ತರ ಗೊತ್ತಿರಲಿಲ್ಲ. ಮಾತಿಲ್ಲದೆ ಹೋದವರನ್ನು ಕೇಳುವುದು ಹೇಗೆ?

ಈಗ ಪರದೆಯ ಮೇಲೆ ಆ ಹಂಪ್ ನನ್ನ ಕೈಯಲ್ಲಿತ್ತು. ಪಟ್ಟೆ ಇಲ್ಲ ಎಂದು ಒಂದು ಸಲ ಒತ್ತಿದರೆ ಅದರ ಕಥೆ ಮುಗಿಯುತ್ತದೆ. ಯಂತ್ರ ಬಂದು ಕೆರೆದು ಲಾರಿಗೆ ತುಂಬಿಕೊಂಡು ಹೋಗುತ್ತದೆ. ಯಾರೂ ನನ್ನನ್ನು ಪ್ರಶ್ನಿಸುವುದಿಲ್ಲ. ಅದು ಹೋಗಬೇಕು ಎಂದು ನನಗೆ ಅನ್ನಿಸಿತು. ಎಷ್ಟೋ ತಿಂಗಳ ಮೇಲೆ ನನಗೆ ಏನೋ ಒಂದು ಬೇಕು ಎನ್ನಿಸಿದ್ದು ಅದೇ ಮೊದಲು.

ಆದರೆ ಎರಡು ಸ್ಕ್ಯಾನುಗಳು ಬೇರೆ ಬೇರೆ ಹೇಳಿದಾಗ ಹಾಗೆ ಒತ್ತುವಂತಿಲ್ಲ, ಕಾರಣ ಹುಡುಕಬೇಕು. ನನ್ನ ಮೊದಲ ಅನುಮಾನ ಡ್ರೈವರ್ ಮೇಲೆಯೇ ಹೋಯಿತು. ಮಧ್ಯಾಹ್ನ ಮತ್ತೆ ಗಾಜಿಗೆ ಏನಾದರೂ ಹಚ್ಚಿದ್ದಿರಾ ಎಂದು ಕೇಳಿದೆ.

“ಅವತ್ತು ನೀವು ಬೈದ ಮೇಲೆ ಮುಟ್ಟಿದ್ರೆ ಕೇಳಿ ಮೇಡಂ. ನಾನೇನು ಅಷ್ಟು ಮಾನಗೆಟ್ಟವನಾ?” ಎಂದು ಮುಖ ಊದಿಸಿಕೊಂಡರು.

ಕ್ಯಾಮೆರಾದ ಚಿತ್ರಗಳನ್ನು ತೆರೆದೆ. ಬೆಳಗಿನ ಚಿತ್ರದಲ್ಲಿ ಹಂಪ್ ಮೇಲೆ ಬಿಳಿ ಪಟ್ಟೆಗಳು ಚೆನ್ನಾಗಿಯೇ ಕಾಣುತ್ತಿದ್ದವು. ಮಧ್ಯಾಹ್ನದ ಚಿತ್ರದಲ್ಲಿ ಚಕ್ರಗಳು ಹಾದ ಕಡೆ ಬರೀ ಕಪ್ಪು, ಅಂಚಿನಲ್ಲಿ ಸ್ವಲ್ಪ ಬೂದು. ಅರ್ಧ ದಿನದಲ್ಲಿ ಅಳಿಸಿಹೋಗುವ ಪೇಂಟು ಎಲ್ಲಿಯೂ ಸಿಗುವುದಿಲ್ಲ. ಹತ್ತಿರಕ್ಕೆ ಎಳೆದು ನೋಡಿದರೆ ಪಟ್ಟೆಗಳು ಒಂದೇ ಅಳತೆಯವಲ್ಲ, ಒಂದೆರಡು ಸೊಟ್ಟ. ಯಾರೋ ಕೈಯಿಂದ ಎಳೆದಿದ್ದರು. ಹೋಗಿ ನೋಡದೆ ಬೇರೆ ದಾರಿಯಿರಲಿಲ್ಲ.

ಮಾರನೇ ಬೆಳಿಗ್ಗೆ ಡ್ರೈವರ್ ಜೊತೆ ಹೋದೆ. ಆ ಹಂಪ್ ಮುಂದೆ ನಾನು ಕಾಲಿಟ್ಟದ್ದು ಅದೇ ಮೊದಲು. ರಸ್ತೆಯ ನಡುವೆ ಒಬ್ಬ ಹೆಂಗಸು ಕುಕ್ಕರಗಾಲಿನಲ್ಲಿ ಕೂತಿದ್ದರು. ನನ್ನ ತಾಯಿಯ ವಯಸ್ಸು, ನೈಟಿಯ ಮೇಲೆ ಟವೆಲ್ಲು ಹೊದ್ದಿದ್ದರು. ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ. ಡಬ್ಬಿಯಿಂದ ಹಿಡಿಯಲ್ಲಿ ರಂಗೋಲಿ ಪುಡಿ ತೆಗೆದು ಹಂಪ್ ಮೇಲೆ ಅಡ್ಡಡ್ಡ ಪಟ್ಟೆ ಎಳೆಯುತ್ತಿದ್ದರು. ಎದುರಿನ ಮನೆ ಅವರದ್ದು. ಅಲ್ಲಿ ಗೇಟಿನ ಮುಂದೆ ಬಿಟ್ಟಿದ್ದ ರಂಗೋಲಿ ಅಂಗೈಯಗಲ, ರಸ್ತೆಯದ್ದು ಇಷ್ಟಗಲ. ಒಬ್ಬ ಹಾಲಿನವನು ಬೈಕು ನಿಧಾನಿಸಿ, ಬದಿಯಿಂದ ಸುತ್ತಿ ಹೋದ.

ನಮ್ಮ ಕೊರಳಿನ ಗುರುತಿನ ಚೀಟಿ ನೋಡಿ ಅವರು ಎದ್ದು ನಿಂತರು. “ತೆಗೆಯೋಕೆ ಬಂದ್ರಾ?”

“ಇಲ್ಲ ಆಂಟಿ, ನೋಡೋಕೆ ಬಂದಿದೀವಿ. ಇದು ದಿನಾ ನೀವೇ ಹಾಕ್ತೀರಾ?”

“ಇನ್ಯಾರು ಹಾಕ್ತಾರೆ? ಡಾಂಬರು ಹಾಕೋರ್ದು ಬೇರೆ ಕಾಂಟ್ರಾಕ್ಟಂತೆ, ಪೇಂಟ್ ಹೊಡೆಯೋರ್ದು ಬೇರೆಯಂತೆ. ಅವರು ಬಂದ್ರು, ಇವರು ಬರ್ಲೇ ಇಲ್ಲ. ನೋಡಮ್ಮ, ತೆಗೆಯೋ ಹಂಗಿದ್ರೆ ಈಗ್ಲೇ ಹೇಳ್ಬಿಡು. ನಾನು ಇಲ್ಲೇ ಅಡ್ಡ ಮಲಗ್ತೀನಿ.”

ಹಂಪ್ ಹಾಕುವ ಮುಂಚೆ ಅವರ ಮೊಮ್ಮಗಳ ಪಾದ ಮನೆ ಮುಂದಿನ ತಿರುವಿನಲ್ಲೇ ನೀರಿನ ಟ್ಯಾಂಕರಿನ ಚಕ್ರಕ್ಕೆ ಸಿಕ್ಕಿತ್ತು. ಮಗು ಈಗ ಕುಂಟುತ್ತ ಶಾಲೆಗೆ ಹೋಗುತ್ತದೆ. ಹಂಪ್ ಹಾಕಿ ಎಂದು ಬೀದಿಯವರೆಲ್ಲ ಅರ್ಜಿ ಕೊಟ್ಟು ಅಲೆದು ಸುಸ್ತಾಗಿದ್ದರು. ರಸ್ತೆಗೆ ಡಾಂಬರು ಹಾಕುವವರು ಬಂದ ದಿನ ಇವರೇ ಚಿತ್ರಾನ್ನ ಕಲಸಿ, ಫ್ಲಾಸ್ಕಿನಲ್ಲಿ ಕಾಫಿ ತಂದು ಕೊಟ್ಟು, ಮೇಸ್ತ್ರಿಯ ಹತ್ತಿರ “ಇಲ್ಲಿ ಸ್ವಲ್ಪ ಜಾಸ್ತಿ ಸುರೀಪ್ಪ” ಎಂದು ಕೇಳಿಕೊಂಡಿದ್ದರು. ನಮ್ಮ ಬಡಾವಣೆಗಳ ಅರ್ಧಕ್ಕರ್ಧ ಹಂಪ್‌ಗಳು ಹುಟ್ಟುವುದೇ ಹೀಗೆ. ಮೇಸ್ತ್ರಿ ಊಟದ ಋಣ ತೀರಿಸಲು ಧಾರಾಳವಾಗಿಯೇ ಸುರಿದಿದ್ದ.

“ರಂಗೋಲಿ ಯಾವಾಗಿಂದ ಹಾಕ್ತಿದೀರಾ?” ಎಂದೆ. ಕೇಳಬೇಕಾದ ಪ್ರಶ್ನೆ ಅದಾಗಿರಲಿಲ್ಲ. ಕೇಳಿಬಿಟ್ಟೆ.

“ಅವತ್ತೇ ಸಂಜೆಯಿಂದ ಕಣಮ್ಮ. ಡಾಂಬರಿನವರು ಮಧ್ಯಾಹ್ನ ಹಾಕಿ ಹೋದ್ರಾ, ಇನ್ನೂ ಲೈಟ್ ಹತ್ತಿರ್ಲಿಲ್ಲ, ಹೊಸಾ ಡಾಂಬರು, ಎಲ್ಲಾ ಕರ್‍ರಗೆ ಒಂದೇ ಥರ. ಒಬ್ರು ಸ್ಕೂಟರ್‌ನವರು ಬಂದು ಎಗರಿ ಬಿದ್ರು. ಪಾಪ ನಿಧಾನಕ್ಕೇ ಬರ್ತಿದ್ರು, ಎರಡೂ ಕೈ ಹ್ಯಾಂಡಲ್ ಮೇಲೇ ಇತ್ತು. ನಾನೇ ಓಡಿಹೋಗಿದ್ದು. ನೀರು ಕೊಟ್ಟೆ, ಬೇಡ ಅಂದ್ರು. ರಸ್ತೇನೇ ನೋಡ್ತಾ ಇದ್ರು. ಬೆಳಿಗ್ಗೆ ಇರ್ಲಿಲ್ವಲ್ಲ ಇದು, ಅಂದ್ರು. ಮಧ್ಯಾಹ್ನ ಹಾಕಿದ್ರು ಸಾರ್, ಅಂದೆ. ಆಮೇಲೆ ಏನಂದ್ರು ಗೊತ್ತಾ? ಇದಕ್ಕೆ ಏನಾದ್ರೂ ಬಿಳೀದು ಹಾಕಿ ಅಮ್ಮ, ಹಿಂದೆ ಬರೋರಿಗೆ ಕಾಣ್ಸಲ್ಲ, ಅಂದ್ರು. ತಮಗೆ ಏಳಕ್ಕಾಗ್ತಿಲ್ಲ, ಅದೊಂದೇ ಹೇಳ್ತಾರೆ. ಆಟೋಗೆ ಎತ್ತಿ ಹಾಕೋವಾಗ್ಲೂ, ಹಾಕಿದ್ರಾ ಹಾಕಿದ್ರಾ ಅಂತ. ಮನೇಲಿ ಸುಣ್ಣ ಇರ್ಲಿಲ್ಲ. ಇದೇ ಕೈಗೆ ಸಿಕ್ತು.”

ಡ್ರೈವರ್ ಆ ಕಡೆ ತಿರುಗಿ ನಿಂತಿದ್ದರು. ನಾನು ಹಂಪ್ ನೋಡುತ್ತಿದ್ದೆ.

“ಹುಷಾರಾಗಿ ಮನೆಗೆ ಹೋದ್ರಂತೆ ಅಂತ ಆ ಆಟೋದವ್ನು ಆಮೇಲೆ ಒಂದಿನ ಸಿಕ್ಕಿ ಹೇಳ್ದ,” ಎಂದು ಅವರು ಮತ್ತೆ ಕೂತು ಪುಡಿ ತೆಗೆದರು. “ಒಳ್ಳೇ ಮನುಷ್ಯ. ಚೆನ್ನಾಗಿರ್ಲಿ.”

ನಾನು ಬ್ಯಾಗು ತೆರೆದೆ. ಕೆಲಸ ಮಾಡಿದೆ. ಮೊಳಕೋಲು ಇಟ್ಟು ಹಂಪ್‌ನ ಎತ್ತರವನ್ನು ಕೈಯಿಂದಲೂ ಅಳೆದೆ, ಫೋಟೋ ತೆಗೆದೆ, ಅವರಿಗೆ ಬರುತ್ತೇನೆಂದು ಹೇಳಿ ಗಾಡಿ ಹತ್ತಿದೆ.

ಸ್ವಲ್ಪ ದೂರ ಹೋದ ಮೇಲೆ ಡ್ರೈವರ್ ಕೇಳಿದರು. “ಆಯಮ್ಮಂಗೆ ಹೇಳ್ಬೇಕಿತ್ತಾ ಮೇಡಂ?”

“ಗೊತ್ತಿಲ್ಲ.”

ನಿಜವಾಗಿಯೂ ಗೊತ್ತಿರಲಿಲ್ಲ. ನನ್ನ ಗಂಡ ಅವಸರದಲ್ಲಿರಲಿಲ್ಲ, ಫೋನಿನಲ್ಲಿರಲಿಲ್ಲ. ಬೆಳಿಗ್ಗೆ ಇಲ್ಲದ್ದು ಸಂಜೆ ಇತ್ತು. ಇಷ್ಟು ತಿಳಿದರೆ ನನ್ನೊಳಗೆ ಏನೋ ಒಡೆಯುತ್ತದೆ ಎಂದುಕೊಂಡಿದ್ದೆ. ಕಣ್ಣು ಒಣಗಿಯೇ ಇತ್ತು. ಚಂದ್ರಾ ಲೇಔಟಿನ ದರ್ಶಿನಿಯ ಮುಂದೆ ಡ್ರೈವರ್ ಗಾಡಿ ನಿಲ್ಲಿಸಿ ಕಾಫಿ ತಂದುಕೊಟ್ಟರು. ಕುಡಿದೆ.

ಆಫೀಸಿನಲ್ಲಿ ಮ್ಯಾನೇಜರಿಗೆ ಎಲ್ಲ ಹೇಳಿದೆ. ಗಂಡನ ಆ ಕೊನೆಯ ಮಾತುಗಳನ್ನು ಮಾತ್ರ ಹೇಳಲಿಲ್ಲ, ಅವು ನನ್ನವು. ಮ್ಯಾನೇಜರ್ ನನಗೆ ಸಹಾಯ ಮಾಡಬೇಕೆಂದೇ ಒಂದು ದಾರಿ ಹುಡುಕಿದರು. “ಬೆಳಗಿನ ಸ್ಕ್ಯಾನಲ್ಲಿ ಬಿಳಿ ಇದೆ ತಾನೆ? ಇದೆ ಅಂತ ಹಾಕ್ಬಿಡಿ. ಹಂಪ್ ಉಳಿಯುತ್ತೆ, ಆಯಮ್ಮನೂ ಖುಷಿ. ಯಾರು ಹೋಗಿ ನೋಡ್ತಾರೆ?”

“ಪೇಂಟ್ ಇದೆ ಅಂತ ಹಾಕಿದ್ರೆ ಅದಕ್ಕೆ ಇನ್ಯಾವತ್ತೂ ಪೇಂಟ್ ಬೀಳಲ್ಲ ಸಾರ್. ಆಕೆಗೆ ಒಂದಿನ ಜ್ವರ ಬಂದ್ರೆ?”

“ಹಾಗಾದ್ರೆ ಇಲ್ಲ ಅಂತ ಹಾಕಿ.”

“ಕೆರೆದು ಹಾಕ್ತಾರೆ. ಟ್ಯಾಂಕರ್‌ಗಳಿಗೆ ಮತ್ತೆ ಹೆದ್ದಾರಿ.”

“ಅಮ್ಮಾ, ಎರಡೇ ಇರೋದು, ಇದೆ ಇಲ್ಲ. ನಾನೇನು ಮಾಡ್ಲಿ?” ಎಂದು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

ಮೊದಲು ನನಗೆ ಬೇಕಾಗಿದ್ದದ್ದು ಆ ಹಂಪ್ ಹೋಗುವುದು. ಅದನ್ನು ಬಿಟ್ಟುಕೊಡುವುದು ಸುಲಭವಾಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಸೀಟಿಗೆ ಬಂದು ತುಂಬ ಹೊತ್ತು ಆ ಬಾಂಡ್ಲಿಯಂಥ ಗೆರೆಯನ್ನು ನೋಡುತ್ತ ಕೂತೆ. ಸಿಟ್ಟು ಬಂತು. ಆ ಹೆಂಗಸಿನ ಮೇಲಲ್ಲ, ಮೇಸ್ತ್ರಿಯ ಮೇಲೂ ಅಲ್ಲ. ಬಿದ್ದಲ್ಲಿಂದಲೇ ಹಿಂದೆ ಬರುವವರ ಚಿಂತೆ ಮಾಡಿದ ಆ ಮನುಷ್ಯನ ಮೇಲೆ. ನನ್ನ ಬಗ್ಗೆ ಒಂದು ಮಾತು ಹೇಳಬಾರದಿತ್ತೇ? ಆಮೇಲೆ ಅವರು ಕೇಳಿದ ಕೆಲಸ ಇನ್ನೂ ಅರ್ಧಕ್ಕೇ ನಿಂತಿದೆ ಎನ್ನಿಸಿತು. ಅದನ್ನು ಮುಗಿಸಲು ಬೇಕಾದದ್ದೆಲ್ಲ ನನ್ನ ಎದುರಿನ ಪರದೆಯಲ್ಲೇ ಇತ್ತು.

ಆ ತಿರುವಿನ ಬಿಂದುಗಳನ್ನೆಲ್ಲ ಬೇರೆ ತೆಗೆದೆ. ಟ್ಯಾಂಕರ್ ಓಡಿಸುವವನ ಕಣ್ಣಿನ ಎತ್ತರದಲ್ಲಿ ಒಂದು ಬಿಂದು ಇಟ್ಟೆ. ಆ ಮನೆಯ ಗೇಟಿನ ಮುಂದೆ, ಶಾಲೆಗೆ ಹೋಗುವ ಮಗುವಿನ ಎತ್ತರದಲ್ಲಿ ಇನ್ನೊಂದು. ಎರಡರ ನಡುವೆ ನೇರ ಗೆರೆ ಎಳೆದು, ಟ್ಯಾಂಕರನ್ನು ಸ್ವಲ್ಪಸ್ವಲ್ಪವೇ ಮುಂದಕ್ಕೆ ತಂದು, ಮಗು ಯಾವಾಗ ಕಾಣುತ್ತದೆ ಎಂದು ನೋಡಿದೆ. ಮೊದಲು ಕಾಂಪೌಂಡ್ ಅಡ್ಡ. ಆಮೇಲೆ ಟ್ರಾನ್ಸ್‌ಫಾರ್ಮರ್. ಆಮೇಲೆ ಹೊಂಗೆ ಮರದ ಬೊಡ್ಡೆ. ಮೂರೂ ಕಳೆದು ಮಗು ಕಾಣುವ ಹೊತ್ತಿಗೆ, ಬ್ರೇಕು ಹಾಕಿದರೂ ಗಾಡಿ ನಿಲ್ಲಲು ಜಾಗವೇ ಉಳಿಯುತ್ತಿರಲಿಲ್ಲ. ವೇಗ ಕಡಿಮೆ ಮಾಡಿಸದೆ ಅಲ್ಲಿ ಗತಿಯಿಲ್ಲ. ಅಂದರೆ ಹಂಪ್ ಬೇಕು. ಆದರೆ ಈ ಹಂಪ್ ಅಲ್ಲ.

ಪಟ್ಟೆಯ ಕಡೆ ‘ಇಲ್ಲ’ ಎಂದೇ ಹಾಕಿದೆ. ಜೊತೆಗೆ ಬೇರೆ ಒಂದು ವರದಿ ಮಾಡಿದೆ: ತಿರುವಿನ ಚಿತ್ರ, ಹಂಪ್‌ನ ಅಡ್ಡ ಸೀಳು, ಬೆಳಿಗ್ಗೆ ಮಧ್ಯಾಹ್ನದ ಎರಡೂ ಫೋಟೋ, ಇದನ್ನು ಕೆರೆದು ಇಲ್ಲೇ ನಿಯಮದ ಅಳತೆಯ ಹಂಪ್ ಮಾಡಿ ಅದೇ ದಿನ ಪಟ್ಟೆ ಬಳಿಯಬೇಕು, ತಿರುವಿಗೆ ಮುಂಚೆ ಫಲಕ ಹಾಕಬೇಕು ಎಂಬ ಶಿಫಾರಸು. ‘ಅದೇ ದಿನ’ ಎಂಬುದನ್ನು ದಪ್ಪ ಅಕ್ಷರದಲ್ಲಿ ಹಾಕಿದೆ. ಮ್ಯಾನೇಜರಿಗೆ ಕೊಟ್ಟು, “ಸಾರ್, ನಾನು ಇದನ್ನ ಸರಿಯಾಗಿ ನೋಡಿದೀನೋ ಇಲ್ವೋ ನನಗೇ ನಂಬಿಕೆ ಇಲ್ಲ. ಬೇರೆಯವರ ಕೈಲಿ ಇನ್ನೊಂದ್ಸಲ ಲೆಕ್ಕ ಮಾಡ್ಸಿ,” ಎಂದೆ. ಅವರು ಯಾರಿಗೂ ಕೊಡಲಿಲ್ಲ. ತಾವೇ ಕೂತು ಮೊದಲಿನಿಂದ ಲೆಕ್ಕ ಮಾಡಿ, ನನ್ನ ಸಹಿಯ ಕೆಳಗೆ ತಮ್ಮದೂ ಹಾಕಿದರು.

ಪಾಲಿಕೆ ಕಚೇರಿಯ ಎಂಜಿನಿಯರ್ ಅದನ್ನು ವಾಪಸು ಕಳಿಸಿದರು. ನಾವು ಕೇಳಿದ್ದು ಇದಲ್ಲ ಎಂದರು. ನಾನು ಹೋಗಿ ಅವರ ಮುಂದೆ ಕೂತೆ. ಅವರು ಮುಂದಿನ ವಾರ ಬನ್ನಿ ಎಂದರು, ಹೋದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದ ಜವಾನ, ಕಾದೆ. ಜೋಮು ಹಿಡಿದವರಿಗೆ ಕಾಯುವುದು ಕಷ್ಟವಲ್ಲ. ಕೊನೆಗೆ ಒಂದು ದಿನ ಅವರು ತಲೆ ಚಿಟ್ಟು ಹಿಡಿದವರಂತೆ, “ಒಂದು ಹಂಪ್‌ಗೆ ಇಷ್ಟೊಂದು ಮಾಡ್ತೀರಲ್ರೀ ಮೇಡಂ, ನಿಮ್ಮ ಮನೆ ಅಲ್ಲಿದೆಯಾ?” ಎಂದರು. ಅಲ್ಲಿಲ್ಲ ಎಂದೆ. ಪರದೆಯ ಮೇಲೆ ಟ್ಯಾಂಕರನ್ನು ಮತ್ತೊಮ್ಮೆ ತಿರುವಿಗೆ ತಂದು ತೋರಿಸಿದೆ. ಮಗು ಕಾಣುವ ಜಾಗ ಬಂದಾಗ ಅವರು ಕುರ್ಚಿ ಎಳೆದುಕೊಂಡು ಹತ್ತಿರ ಕೂತರು. ಇನ್ನೊಮ್ಮೆ ತೋರಿಸಿ ಎಂದರು.

ಹಂಪ್ ಕೆರೆದು ಹೊಸದು ಹಾಕಿದ ದಿನ ನಾವೂ ಗಾಡಿ ತೆಗೆದುಕೊಂಡು ಹೋದೆವು, ಮುಗಿದ ಕೆಲಸವನ್ನು ಸ್ಕ್ಯಾನ್ ಮಾಡುವ ನೆಪದಲ್ಲಿ. ಪೇಂಟಿನವರು ಕತ್ತಲಾಗುವ ಮುಂಚೆಯೇ ಪಟ್ಟೆ ಬಳಿದು, ಹೊಳೆಯುವ ಗಾಜಿನ ಪುಡಿ ಎರಚಿದರು. ಬಣ್ಣ ಒಣಗಿದ ಮೇಲೆ ಹಾದು ಹೋದೆವು. ಪರದೆಯ ಮೇಲೆ ಪಟ್ಟೆಗಳು ಕಣ್ಣು ಕುಕ್ಕುವಷ್ಟು ಬೆಳ್ಳಗೆ ಬಂದವು. ಓಲಾಟದ ಗೆರೆ ಮೆಲ್ಲಗೆ ಎದ್ದು ಮೆಲ್ಲಗೆ ಇಳಿಯಿತು.

ಆ ಆಂಟಿ ಗೇಟಿನಲ್ಲಿ ನಿಂತು ನೋಡುತ್ತಿದ್ದರು. ಇಳಿದು ಹೋದೆ.

“ಅಬ್ಬಾ, ನಾಳೆಯಿಂದ ನಂಗೆ ಕೆಲ್ಸಾನೇ ಇಲ್ಲ,” ಎಂದ ಅವರ ಮುಖ ಅರಳಿತ್ತು. “ಮಂಡಿ ನೋವು ಬಂದ್ಬಿಟ್ಟಿತ್ತು ಕಣಮ್ಮ, ಆದ್ರೂ ಬಿಡಕ್ಕೆ ಮನಸ್ಸು ಬರ್ತಿರ್ಲಿಲ್ಲ. ಆ ಸಾರ್ ಮತ್ತೆ ಈ ಕಡೆ ಬಂದ್ರೆ ಬಿಳೀದು ಕಾಣ್ದಿದ್ರೆ ಏನಂದ್ಕೊತಾರೆ ಅಂತ. ಯಾವಾಗ್ಲಾದ್ರೂ ಬರ್ತಾರೆ, ನೋಡ್ತಾರೆ ಅಲ್ವಾ?”

ಹೌದು ಎಂದುಬಿಡಬಹುದಿತ್ತು. ಆಕೆ ನೆಮ್ಮದಿಯಿಂದ ಒಳಗೆ ಹೋಗುತ್ತಿದ್ದರು. ಆದರೆ ಇಷ್ಟು ತಿಂಗಳು ಪ್ರತಿ ಬೆಳಿಗ್ಗೆ ನಡುರಸ್ತೆಯಲ್ಲಿ ಕೂತು ನನ್ನ ಗಂಡನ ಮಾತು ನಡೆಸಿಕೊಟ್ಟವರು ಇವರೊಬ್ಬರೇ. ಇವರಿಗೂ ನಿಜ ತಿಳಿಯದಿದ್ದರೆ ಇನ್ಯಾರಿಗೆ ತಿಳಿಯಬೇಕು?

“ಬರಲ್ಲ ಆಂಟಿ,” ಎಂದೆ. “ಅವರು ಅವತ್ತೇ ಹೋಗ್ಬಿಟ್ರು. ನಮ್ಮ ಯಜಮಾನ್ರು.”

ಅವರು ಗೇಟಿನ ಸರಳು ಹಿಡಿದುಕೊಂಡರು. ಕೆಲಸ ಮುಗಿಸಿದ ಪೇಂಟಿನವರು ಡಬ್ಬಗಳನ್ನು ಗಾಡಿಗೆ ಎಸೆಯುವ ಸದ್ದು ಕೇಳುತ್ತಿತ್ತು. ಅಯ್ಯೋ ಎನ್ನುತ್ತಾರೆ, ಕ್ಷಮೆ ಕೇಳುತ್ತಾರೆ, ಅದಕ್ಕೆ ನಾನು ಪರವಾಗಿಲ್ಲ ಎನ್ನಬೇಕಾಗುತ್ತದೆ ಎಂದು ಕಾದೆ. ಅವರು ಅದೊಂದನ್ನೂ ಮಾಡಲಿಲ್ಲ. ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡರು.

“ಅವರ ಹೆಸರೇನಮ್ಮ?” ಎಂದರು. “ಅವತ್ತು ಕೇಳ್ಲೇ ಇಲ್ಲ ನಾನು.”

ಎಷ್ಟೋ ಕಾಗದಗಳ ಮೇಲೆ ಆ ಹೆಸರನ್ನು ಬರೆದು ಕೊಟ್ಟಿದ್ದೆ, ಪಕ್ಕದಲ್ಲಿ ಸಹಿ ಹಾಕಿದ್ದೆ. ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದೆ. ಆಕೆಗೆ ಸರಿಯಾಗಿ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳು ಎಂದರು. ಎರಡನೇ ಸಲ ಅರ್ಧಕ್ಕೇ ದನಿ ಒಡೆಯಿತು, ಅಳು ಬಂತು. ಉಳಿದರ್ಧವನ್ನು ಅಳುತ್ತಲೇ ಹೇಳಿದೆ.